‘ನಮ್ಮಂತೋರು’: ಬರಹದಲ್ಲಿ ಇದನ್ನು ಏನೆಂದು ಇಡುವುದು?

ಗೆಳೆಯರೇ,

ಒಂದು ಪದದ ವಿಷಯದಲ್ಲಿ ಹದಿನೈದು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಪ್ರಶ್ನೆ ಚಿಕ್ಕದು, ಹಿನ್ನೆಲೆ ಉದ್ದ. ಪುರುಸೊತ್ತು ಇದ್ದಾಗ ಓದಿ.

ನಾನು ಕರಡು ತಿದ್ದುವವನು. ಈಗ ಕೈಯಲ್ಲಿರುವುದು ಬೆಂಗಳೂರಿನ ಹಿರಿಯ ಗೇ ಗಂಡಸರ ನೆನಪುಗಳ ಒಂದು ಪುಸ್ತಿಕೆ. ಅವರನ್ನು ಮಾತಾಡಿಸಿ, ರೆಕಾರ್ಡ್ ಮಾಡಿ, ಅದನ್ನು ಬರಹಕ್ಕೆ ಇಳಿಸಿ ಅಚ್ಚು ಹಾಕಿಸುತ್ತಿದ್ದೇವೆ. ನಾನೂ ಆ ಪೈಕಿಯವನೇ, ಹಾಗಾಗಿ ದುಡ್ಡಿಲ್ಲದ ಕೆಲಸ. ಮಾತಾಡಿದವರಲ್ಲಿ ಹಿರಿಯರಿಗೆ ಎಪ್ಪತ್ತಾರು ವರ್ಷ. ಎಲ್ಲರೂ ಅವರನ್ನು ದೊಡ್ಡಣ್ಣ ಅನ್ನುತ್ತಾರೆ, ಇಲ್ಲೂ ಹಾಗೇ ಇರಲಿ. ಮಂಡ್ಯದ ಕಡೆಯವರು. ಇಪ್ಪತ್ತೆರಡನೇ ವಯಸ್ಸಿಗೆ ಕಾರ್ಖಾನೆ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದರು. ಚಾಮರಾಜಪೇಟೆಯ ವಠಾರವೊಂದರಲ್ಲಿ ಒಂದೇ ಕೋಣೆ, ಮೂರು ಜನ.

ಮೂರು ಗಂಟೆಯ ರೆಕಾರ್ಡಿಂಗ್‌ನಲ್ಲಿ ಅವರು ‘ಗೇ’ ಅನ್ನುವ ಪದ ಒಂದು ಸಲವೂ ಆಡಿಲ್ಲ. ‘ಸಲಿಂಗಕಾಮಿ’ಯಂತೂ ಇಲ್ಲವೇ ಇಲ್ಲ. ಬಾಯಲ್ಲಿ ಬರುವುದು ಒಂದೇ, ‘ನಮ್ಮಂತೋರು’. “ಆಗೆಲ್ಲ ಕಬ್ಬನ್ ಪಾರ್ಕಿಗೆ ನಮ್ಮಂತೋರು ಸಾಯಂಕಾಲ ಆರು ಗಂಟೆ ಮೇಲೆ ಬರೋರು.” “ಅವ್ನೂ ನಮ್ಮಂತೋನೇ ಅಂತ ನನಗೆ ಆವತ್ತೇ ಗೊತ್ತಾಯ್ತು.” ಬರಹಕ್ಕೆ ಇಳಿಸಿದ ಹುಡುಗ ಚುರುಕಿನವನು, ಓದಿದವನು. ಓದುಗರಿಗೆ ತಿಳಿಯಲಿ ಎಂದು ಅಷ್ಟೂ ಕಡೆ ‘ಸಲಿಂಗಕಾಮಿಗಳು’ ಎಂದು ಹಾಕಿಬಿಟ್ಟಿದ್ದ. ನಾನು ಆ ಪುಟಗಳನ್ನು ದೊಡ್ಡಣ್ಣನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ, “ಇದ್ಯಾರಪ್ಪ ಇವ್ರು? ಪೇಪರ್‌ನೋರು ಬಂದಿದ್ರಾ ಪಾರ್ಕಿಗೆ?” ಅಂದರು.

ಅಲ್ಲಿಂದ ಶುರುವಾಯಿತು ನನ್ನ ಪೇಚಾಟ.

ಮೊದಲು ಪದದ ಒಳಕ್ಕೆ ಹೋಗೋಣ. ಹೊರಗಿನ ಜನ ನಮ್ಮ ಬಗ್ಗೆ ಆಡುವ ಮಾತು ‘ಅವನು ಆ ಥರ’, ‘ಅಂಥವನು’. ಬೈಗುಳಗಳು ಬೇರೆ, ಅವು ನಿಮಗೂ ಗೊತ್ತು, ಇಲ್ಲಿ ಬರೆಯುವುದಿಲ್ಲ. ಬೈಯದೆ, ಬಾಯಿಗೆ ಹತ್ತಿರ ತಾರದೆ, ದೂರದಿಂದ ಬೆರಳು ತೋರಿಸಿ ಹೇಳುವುದಕ್ಕೆ ಕನ್ನಡದಲ್ಲಿ ‘ಅಂಥ’ ಇದೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ದೊಡ್ಡಣ್ಣ ತಮ್ಮ ಬಗ್ಗೆಯೇ ಕೇಳಿಸಿಕೊಂಡದ್ದು ಇದು: “ಅವ್ನು ಅಂತೋನಂತೆ ಕಣೋ.” ಆ ಮೂರು ಪದದಲ್ಲಿ ‘ಅಂಥ’ವೂ ಇದೆ, ‘ಅಂತೆ’ಯೂ ಇದೆ. ಏನು ಎಂದು ಹೇಳಿಲ್ಲ, ಯಾರು ಹೇಳಿದರು ಎಂದೂ ಇಲ್ಲ. ಕನ್ನಡದಲ್ಲಿ ಚಾಡಿ ಹೇಳುವುದಕ್ಕೆ ಇಷ್ಟು ಅನುಕೂಲ ಇದೆ ಎಂದು ನನಗೆ ಆವತ್ತೇ ಹೊಳೆದದ್ದು.

ದೊಡ್ಡಣ್ಣ ಅದೇ ‘ಅಂಥ’ದ ಹಿಂದೆ ಒಂದು ‘ನಮ್ಮ’ ಸೇರಿಸಿಕೊಂಡಿದ್ದಾರೆ. ಅಂತೋನು ಹೋಗಿ ನಮ್ಮಂತೋನು. ಬೆರಳು ಈಗ ತನ್ನ ಕಡೆಗೇ ತಿರುಗಿದೆ, ಜೊತೆಗೆ ಪಕ್ಕದವನನ್ನೂ ಸೇರಿಸಿಕೊಂಡಿದೆ. ಇದರಲ್ಲಿ ಇನ್ನೊಂದು ಉಪಾಯವೂ ಇದೆ. ‘ನಮ್ಮಂಥೋರ ಮಾತು ಯಾರು ಕೇಳ್ತಾರೆ’, ‘ನಮ್ಮಂಥ ಬಡವರಿಗೆ ಅದೆಲ್ಲ ಯಾಕೆ’ ಎಂದು ಇಡೀ ಕರ್ನಾಟಕ ಆಡುತ್ತದೆ. ಹಾಗಾಗಿ ತುಂಬಿದ ಬಸ್ಸಿನಲ್ಲಿ ನಿಂತು ಜೋರಾಗಿ ‘ಆ ಕಂಡಕ್ಟರ್ ನಮ್ಮಂತೋನು’ ಅಂದರೂ ಯಾರೂ ತಿರುಗಿ ನೋಡುವುದಿಲ್ಲ. ಅಚ್ಚಿನಲ್ಲಿ ತೊಂದರೆ ಕೊಡುತ್ತಿರುವುದೂ ಇದೇ. ‘ಆಗ ಪಾರ್ಕಿಗೆ ನಮ್ಮಂಥವರು ಬರುತ್ತಿದ್ದರು’ ಎಂದು ಹಾಕಿದರೆ ಓದುಗರು ಬಡವರು, ಹಳ್ಳಿಯಿಂದ ಬಂದವರು ಎಂದುಕೊಂಡು ಮುಂದೆ ಹೋಗುತ್ತಾರೆ. ಎರಡೂ ಸುಳ್ಳಲ್ಲ ಅನ್ನಿ.

ಪಾರ್ಕಿನದು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಅಲ್ಲಿ ಪದಕ್ಕಿಂತ ವಾಕ್ಯ ಜಾಸ್ತಿ ಕೆಲಸ ಮಾಡಿದೆ. ಕಬ್ಬನ್ ಪಾರ್ಕ್ 1870ರಲ್ಲಿ ಆದದ್ದು. ಹೈಕೋರ್ಟಿನ ಕೆಂಪು ಕಟ್ಟಡದ ಬೆನ್ನಿಗೇ ಇದೆ. ಮುಂದುಗಡೆ ಕಾನೂನು, ಹಿಂದುಗಡೆ ನಾವು ಎಂದು ನಮ್ಮಲ್ಲಿ ಹಳೇ ತಮಾಷೆ. ಬ್ಯಾಂಡ್‌ಸ್ಟ್ಯಾಂಡ್ ದಾಟಿ ಬಿದಿರು ಮೆಳೆಗಳ ಹತ್ತಿರ ಕಲ್ಲುಬೆಂಚು. ಬೆಂಚಿನ ಒಂದು ತುದಿಗೆ ದೊಡ್ಡಣ್ಣ. ಇನ್ನೊಂದು ತುದಿಗೆ ಯಾರೋ ಬಂದು ಕೂರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ, “ಟೈಮ್ ಎಷ್ಟಾಯ್ತು?” ಕೇಳುವವನ ಕೈಯಲ್ಲೇ ಎಚ್‌ಎಂಟಿ ವಾಚ್ ಇರುತ್ತದೆ. ಆ ಕಾಲದ ಬೆಂಗಳೂರಿನಲ್ಲಿ ಯಾರ ಕೈಯಲ್ಲಿ ಇರಲಿಲ್ಲ, 1961ರಿಂದ ಇಲ್ಲೇ ತಯಾರಾಗುತ್ತಿತ್ತಲ್ಲ. ವಾಚು ಕಟ್ಟಿದವನು ಟೈಮ್ ಕೇಳಿದ ಎಂದರೆ ಅರ್ಥ ಬೇರೆ. ‘ಆರೂ ಇಪ್ಪತ್ತು’ ಎಂದು ನಿಜವಾದ ಟೈಮ್ ಹೇಳಿಬಿಟ್ಟರೆ ಆತ ನಮ್ಮಂತೋನಲ್ಲ, ಥ್ಯಾಂಕ್ಸ್ ಹೇಳಿ ಎದ್ದು ಹೋಗಬೇಕು. ನಮ್ಮಂತೋನಾದರೆ ಹೇಳುವುದು, “ಟೈಮ್ ಇದೆ, ಕೂತ್ಕೊಳ್ಳಿ.”

ಇದನ್ನು ಯಾವ ನಿಘಂಟಿಗೆ ಹಾಕುತ್ತೀರಿ?

ಈಗಿನ ಹುಡುಗರದ್ದು ಫೋನಿನಲ್ಲೇ ಎಲ್ಲ. ಅವರ ಮೊದಲ ಪ್ರಶ್ನೆ ‘ಪ್ಲೇಸ್ ಇದೆಯಾ?’. ಹೆಸರು ಆಮೇಲೆ. ಆಗ ಟೈಮ್, ಈಗ ಪ್ಲೇಸ್. ಬಾಡಿಗೆ ಮನೆ, ಪೀಜಿ, ಓನರ್ ಆಂಟಿ, ಊರಿಂದ ಬಂದು ಕೂತ ಅಮ್ಮ, ಇಷ್ಟೂ ಆ ಒಂದು ಪದದ ಹಿಂದೆ ಇವೆ.

ಪಾರ್ಕಿನಲ್ಲಿ ಇನ್ನೊಂದು ಮಾತೂ ಇತ್ತು, ‘ಮನೆಗೆ ಹೇಳ್ತೀನಿ’. ಖಾಕಿ ತೊಟ್ಟವನೋ, ತೊಟ್ಟವನಂತೆ ನಟಿಸುವವನೋ, ಟಾರ್ಚ್ ಬಿಟ್ಟು ಹಿಡಿಯುತ್ತಿದ್ದ. ದೊಡ್ಡಣ್ಣ ಷರ್ಟಿನ ಜೇಬಿನಲ್ಲಿ ಹತ್ತು ರೂಪಾಯಿ ಬೇರೆಯಾಗಿ ಮಡಿಸಿ ಇಟ್ಟುಕೊಂಡಿರುತ್ತಿದ್ದರಂತೆ, ಅದಕ್ಕೇ ಅಂತ. ಬಸ್ ಚಾರ್ಜ್ ಕಾಲುಚೀಲದಲ್ಲಿ. ಕೇಸ್ ಹಾಕ್ತೀನಿ ಅಂದರೆ ಅವರಿಗೆ ಅಷ್ಟು ಹೆದರಿಕೆ ಇರಲಿಲ್ಲ. ಮನೆಗೆ ಹೇಳ್ತೀನಿ ಅಂದರೆ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಬೆಂಗಳೂರಿನ ಇಂಥ ವಸೂಲಿ, ಹೊಡೆತಗಳನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರ ವರದಿಯಲ್ಲಿ ದಾಖಲಿಸಿದೆ.

ಈಗ ಅದೇ ಮಾತು ಇನ್ನೊಂದು ಮಗ್ಗುಲಿಗೆ ತಿರುಗಿದೆ. ತಾನು ಗೇ ಎಂದು ಹೇಳಿಕೊಳ್ಳುವುದಕ್ಕೆ ಇಂಗ್ಲಿಷಿನವರು ಕಪಾಟಿನಿಂದ ಹೊರಗೆ ಬರುವುದು ಎನ್ನುತ್ತಾರೆ. ಅದನ್ನು ‘ಹೊರಬರುವಿಕೆ’ ಎಂದು ಅನುವಾದ ಮಾಡಿದವರೂ ಇದ್ದಾರೆ. ನಮ್ಮ ಹುಡುಗರು ಒಬ್ಬರನ್ನೊಬ್ಬರು ಕೇಳುವುದು ಮಾತ್ರ ‘ಮನೇಲಿ ಹೇಳಿದ್ಯಾ?’ ಎಂದೇ. ಏನನ್ನು ಎಂದು ಯಾರೂ ಹೇಳಬೇಕಿಲ್ಲ. ಕರ್ಮಪದ ಇಲ್ಲದೆ ಪೂರ್ತಿ ಅರ್ಥ ಕೊಡುವ ವಾಕ್ಯ. ಪುಸ್ತಿಕೆಯಲ್ಲಿ ‘ಹೊರಬರುವಿಕೆ’ ಬಂದ ಕಡೆಯೆಲ್ಲ ನಾನು ಇದನ್ನೇ ಹಾಕಿದ್ದೇನೆ. ಅದಕ್ಕೆ ನಿಮ್ಮ ಒಪ್ಪಿಗೆಯನ್ನೂ ಕೇಳುತ್ತಿಲ್ಲ.

ಸರಿ, ‘ಸಲಿಂಗಕಾಮಿ’ಗೆ ಬರುತ್ತೇನೆ. ದೊಡ್ಡಣ್ಣನಿಗೆ ಇದು ಯಾಕೆ ಪೇಪರ್‌ನೋರ ಪದ?

ಬಿಡಿಸಿ ನೋಡಿ. ಇಲ್ಲಿನ ‘ಸ’ ಸವಿನಯ, ಸಕುಟುಂಬದ ‘ಸ’ ಅಲ್ಲ, ಸಗೋತ್ರದ ‘ಸ’. ಒಂದೇ ಗೋತ್ರ, ಒಂದೇ ಲಿಂಗ. ಮದುವೆ ಮಾತು ಬಂದಾಗ ಸಗೋತ್ರ ಎಂದರೆ ಹಿರಿಯರು ಮುಖ ತಿರುಗಿಸುತ್ತಾರಲ್ಲ, ಆ ವಾಸನೆ ಇದಕ್ಕೂ ಇದೆ ಎಂದು ನನ್ನ ಗುಮಾನಿ. ‘ಲಿಂಗ’ವಂತೂ ಕನ್ನಡದಲ್ಲಿ ಮೂರು ಕಡೆ ಓಡಾಡುವ ಪದ. ವ್ಯಾಕರಣದ ಲಿಂಗ, ದೇವರ ಲಿಂಗ, ದೇಹದ ಲಿಂಗ. ಪದ ಕಟ್ಟಿದವರಿಗೆ ಬೇಕಿದ್ದದ್ದು ಹೆಣ್ಣು ಗಂಡು ಎಂಬ ಅರ್ಥ, ಓದುವವರ ಕಣ್ಣು ಹೋಗುವುದು ಮೂರನೆಯದಕ್ಕೇ. ಕೊನೆಗೆ ‘ಕಾಮಿ’. ಗಂಡು ಹೆಣ್ಣಿನದು ಪ್ರೀತಿ, ಪ್ರೇಮ, ಒಲವು, ಸಂಸಾರ. ನಮ್ಮದು ಮಾತ್ರ ಕಾಮ! ಅಪರಾಧ ಸುದ್ದಿಯ ‘ಕಾಮುಕ’ ಪಕ್ಕದ ಕಾಲಮ್ಮಿನಲ್ಲೇ ಇರುತ್ತಾನೆ. ಇದಕ್ಕೇ ‘ಸಲಿಂಗಪ್ರೇಮಿ’, ‘ಸಲಿಂಗಿ’ ಎಂದು ತಿದ್ದಿಕೊಂಡವರಿದ್ದಾರೆ. ಹಾಗೆ ಕಾಮವನ್ನು ಒರೆಸಿಹಾಕುವುದೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕಾಮ ಕೆಟ್ಟ ಪದವೇನಲ್ಲ, ನಾಲ್ಕು ಪುರುಷಾರ್ಥದಲ್ಲಿ ಒಂದು. ಅದಿರಲಿ, ಮೆರವಣಿಗೆಯಲ್ಲಿ ನಾವು ಹಿಡಿಯುವ ಬಾವುಟ ಯಾವುದು? ಕಾಮನಬಿಲ್ಲಿನದು. 1978ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಗಿಲ್ಬರ್ಟ್ ಬೇಕರ್ ಆ ಬಾವುಟ ಮಾಡಿದಾಗ, ಅದರ ಕನ್ನಡದ ಹೆಸರಲ್ಲಿ ಕಾಮ ಬಿಲ್ಲು ಹಿಡಿದು ಕೂತಿದ್ದಾನೆ ಎಂದು ಅವರಿಗೆ ಯಾರು ಹೇಳಬೇಕಿತ್ತು! ಇದನ್ನು ಹೇಳಿದಾಗ ದೊಡ್ಡಣ್ಣ ಕೆಮ್ಮು ಬರುವವರೆಗೂ ನಕ್ಕರು.

‘ಸಲಿಂಗಕಾಮ’ ಯುರೋಪಿನ ‘ಹೋಮೋಸೆಕ್ಷುಯಲ್’ ಪದದ ಪಡಿಯಚ್ಚು. ಆ ಪದಕ್ಕೂ ವಯಸ್ಸು ಜಾಸ್ತಿ ಇಲ್ಲ. ಕೆರ್ಟ್‌ಬೆನಿ ಎಂಬ ಹಂಗೇರಿಯ ಬರಹಗಾರ 1869ರಲ್ಲಿ ಜರ್ಮನ್ ಕರಪತ್ರದಲ್ಲಿ ಅದನ್ನು ಮೊದಲ ಸಲ ಅಚ್ಚು ಹಾಕಿದ. ಗಂಡಸರ ನಡುವಿನ ಸಂಬಂಧವನ್ನು ಶಿಕ್ಷಿಸುವ ಪ್ರಷ್ಯದ ಕಾನೂನು ಬೇಡ ಎಂದು ವಾದಿಸುವುದಕ್ಕೆ. ಪದ ಹುಟ್ಟಿದ್ದು ನಮ್ಮ ಪರವಾಗಿಯೇ. 2024ರವರೆಗೆ ಇದ್ದ ನಮ್ಮ ದಂಡಸಂಹಿತೆ 1860ರದ್ದು, ಅಂದರೆ ಇಂಥ ಸಂಬಂಧಕ್ಕೆ ಶಿಕ್ಷೆ ಹೇಳಿದ್ದ ಅದರ 377ನೇ ಕಲಂ ಆ ಪದಕ್ಕಿಂತ ಒಂಬತ್ತು ವರ್ಷ ದೊಡ್ಡದು. ಅದರಲ್ಲಿ ನಮ್ಮಂಥವರಿಗೆ ಹೆಸರೇ ಇರಲಿಲ್ಲ. ‘ಪ್ರಕೃತಿಯ ಕ್ರಮಕ್ಕೆ ವಿರುದ್ಧ’ ಎಂದು ಕೆಲಸವನ್ನು ಮಾತ್ರ ಹೇಳಿತ್ತು. ಅದೂ ಒಂದು ಥರ ‘ಅಂಥದ್ದು’ ಎಂದು ಬೆರಳು ತೋರಿಸಿದ್ದೇ ಅಲ್ವಾ? ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ಅದರ ಹಲ್ಲು ಕಿತ್ತಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ವಾಪಸ್ ಕಟ್ಟಿಸಿತು. ಮತ್ತೆ 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐದು ಜನರ ಪೀಠ, ವಯಸ್ಕರು ಒಪ್ಪಿ ನಡೆದುಕೊಂಡರೆ ತಪ್ಪಲ್ಲ ಎಂದಿತು. ಮದುವೆಯ ಹಕ್ಕು ಕೇಳಿದ್ದಕ್ಕೆ 2023ರ ಅಕ್ಟೋಬರ್ 17ರಂದು ಇಲ್ಲ ಎಂದಿತು. ಈ ನಾಲ್ಕೂ ಸಲ ನಮ್ಮ ಪತ್ರಿಕೆಗಳಲ್ಲಿ ‘ಸಲಿಂಗ’ದ ತಲೆಬರಹಗಳು. ಪದ ಮನೆಮನೆಗೆ ತಲುಪಿದ್ದು ಕೋರ್ಟಿನ ಮೆಟ್ಟಿಲಿನಿಂದ. ದೊಡ್ಡಣ್ಣನ ಕಿವಿಗೆ ಅದು ಕಟಕಟೆಯ ಪದವಾಗಿ ಕೇಳಿದರೆ ಆಶ್ಚರ್ಯ ಏನು?

ಹಾಗಾದರೆ ‘ಗೇ’ ಎಂದೇ ಇಡಬಹುದಲ್ಲ ಎನ್ನುತ್ತೀರಿ. ನಾನೇ ಮೇಲೆ ಬಳಸಿದ್ದೇನೆ. ಆದರೆ ಕನ್ನಡದ ವಿಭಕ್ತಿಗಳ ನಡುವೆ ಅದರ ಪಾಡು ನೋಡಿ. ‘ಗೇಗೆ ಗೇಯೇ ಸಾಟಿ’. ‘ಗೇಗಳಿಗೇ’ ಎಂದು ಬರೆದರೆ ಅಕ್ಷರತಪ್ಪು ಎಂದು ಅಚ್ಚಿನವರು ಫೋನ್ ಮಾಡುತ್ತಾರೆ, ಮಾಡಿದ್ದಾರೆ. ಮಂಡ್ಯದವರಿಗಂತೂ ‘ಗೇಯೋದು’ ಎಂದರೆ ಮೈಮುರಿದು ದುಡಿಯುವುದು. ದೊಡ್ಡಣ್ಣ ಮೊದಲ ಸಲ ಈ ಪದ ಕೇಳಿದಾಗ, “ಗೇಯೋರು ಅಂದ್ರೆ ನಾನೇ ಕಣಪ್ಪ, ಮೂವತ್ತೈದು ವರ್ಷ ಗೇದಿದ್ದೀನಿ ಫ್ಯಾಕ್ಟ್ರೀಲಿ” ಅಂದಿದ್ದರು.

ನನಗೆ ಈ ಪದ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯು’ ಗುಂಪು 1994ರಲ್ಲೇ ಶುರುವಾಗಿತ್ತು. ಮೂರು ಪದದ ಮೊದಲ ಅಕ್ಷರ ಇಂಗ್ಲಿಷಿನಲ್ಲಿ ಕೂಡಿಸಿದರೆ ಗೇ, ಅರ್ಥ ನೋಡಿದರೆ ‘ನಿಮ್ಮಷ್ಟೇ ನಾವೂ’. ನ್ಯಾಷನಲ್ ಲಾ ಸ್ಕೂಲಿನಲ್ಲಿ ಗೇ ಹಕ್ಕುಗಳ ಬಗ್ಗೆ ವಿಚಾರಸಂಕಿರಣ ನಡೆದದ್ದು 1997ರಲ್ಲಿ. 1999ರಲ್ಲಿ ನಮ್ಮಂಥವರಿಗಾಗಿ ಕೆಲಸ ಮಾಡುವ ‘ಸಂಗಮ’, ‘ಸ್ವಭಾವ’ ಸಂಸ್ಥೆಗಳು ಎರಡೂ ಬಂದವು. ಹೆಸರುಗಳನ್ನು ನೋಡಿ, ಬೋರ್ಡ್ ಹಾಕಿದರೆ ಯೋಗ ಶಿಬಿರ ಎಂದುಕೊಳ್ಳಬೇಕು. ಆದರೂ ‘ಪ್ರಕೃತಿಗೆ ವಿರುದ್ಧ’ ಎನ್ನುವ ಕಲಮಿನ ಎದುರು ‘ಸ್ವಭಾವ’ ಎಂಬ ಹೆಸರು ಎಷ್ಟು ಸರಿಯಾಗಿ ಕೂರುತ್ತದೆ!

ನನ್ನ ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. 2002ರ ಸುಮಾರಿಗೆ ಒಂದು ಕರಪತ್ರ ತಿದ್ದಲು ಬಂತು. ಅದರಲ್ಲಿ ‘ಕೋತಿಗಳ ಮೇಲಿನ ದೌರ್ಜನ್ಯ ನಿಲ್ಲಲಿ’ ಎಂದಿತ್ತು. ನಾನು ಮಗ್ಗುಲಲ್ಲಿ ಕೆಂಪು ಶಾಯಿಯಲ್ಲಿ ‘ಇದು ಪ್ರಾಣಿದಯಾ ಸಂಘದ್ದೇ? ಬೇರೆ ಕಡತ ಸೇರಿದೆಯೇ ನೋಡಿ’ ಎಂದು ಬರೆದೆ. ಕೋತಿ ಎಂದರೆ ಹೆಣ್ಣುನಡೆಯ ಗಂಡಸು, ಹಿಜ್ರಾ ಸಮುದಾಯದ ಒಳಭಾಷೆಯಿಂದ ಬಂದ ಪದ, ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಸಾವಿರ ಜನ ತಮ್ಮನ್ನು ತಾವೇ ಹಾಗೆ ಕರೆದುಕೊಳ್ಳುತ್ತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಕೂಡ ಗೇ, ನಾನು ಕೂಡ ಅದೇ ಊರಿನವನು! ಕಾಫಿ ಕುಡಿಯುತ್ತಾ ಇಂಗ್ಲಿಷ್ ಬೆರೆಸಿ ಮಾತಾಡುವ ಗೇಗೂ, ಮೆಜೆಸ್ಟಿಕ್ಕಿನಲ್ಲಿ ಸೆರಗಿಲ್ಲದೆಯೂ ಸೆರಗು ಸರಿಮಾಡಿಕೊಳ್ಳುವ ಕೋತಿಗೂ ನಡುವೆ ಎರಡು ಮೈಲಿ ದಾರಿ. ನಾನು ಅದನ್ನು ದಾಟಿರಲಿಲ್ಲ, ಅಷ್ಟೇ.

ಆ ಕರಪತ್ರ ತಂದವರು ಬಂದು ನನ್ನ ಕೆಂಪು ಶಾಯಿ ಓದಿ, ಪಕ್ಕದವರಿಗೂ ಓದಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಂತರ ಪಾಠ ಮಾಡಿದರು. ಕೋತಿ, ಕೋತಿಯ ಗಂಡ ಪಂತಿ, ಎರಡೂ ಕಡೆ ಸಲ್ಲುವವನು ಡಬಲ್ ಡೆಕ್ಕರ್. ಒಂದು ಕಾಲಕ್ಕೆ ಶಿವಾಜಿನಗರದ ಕಡೆ ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿಗೆ ಓಡಿಹೋಗಿ ಕೂರುತ್ತಿದ್ದ ನನ್ನಂಥವನಿಗೆ ಅರ್ಥ ಆಗಲು ಅರೆಗಳಿಗೆ ಸಾಕಾಯಿತು. ಕೆಲವರು ಮಂಗನ ಗೊಂದಲ ಬೇಡವೆಂದು ‘ಕೋಥಿ’ ಎಂದು ಮಹಾಪ್ರಾಣ ಹಾಕುತ್ತಾರೆ. ಹಾಗೆ ಕರೆದುಕೊಳ್ಳುವವರ ಬಾಯಲ್ಲಿ ನಾನು ಆ ‘ಥ’ ಕೇಳಿಲ್ಲ.

ಸರ್ಕಾರಿ ಕಾಗದದ ‘ಪುರುಷರೊಂದಿಗೆ ಲೈಂಗಿಕ ಸಂಪರ್ಕ ಹೊಂದಿರುವ ಪುರುಷರು’ ಎಂಬ ರೈಲುಗಾಡಿಯನ್ನು ಬಿಟ್ಟುಬಿಡೋಣ, ಅದು ಎಚ್‌ಐವಿ ಕೆಲಸದ ಫಾರಂ ತುಂಬುವುದಕ್ಕೆ. ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬುದು ಭಾಷಣಕ್ಕೆ ಚೆನ್ನಾಗಿದೆ, ಹೋರಾಟದಲ್ಲಿ ಕೆಲಸವನ್ನೂ ಮಾಡಿದೆ. ದೊಡ್ಡಣ್ಣನಿಗೆ ಅದೂ ಬೇಡ. “ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡ್ದ ಅಂತಾರಲ್ಲ, ಆ ಅಲ್ಪ ತಾನೇ?” 2013ರಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಬಂತಲ್ಲ, ಅದರ ಹೆಸರಿನಲ್ಲಿ ಇಂಥ ಯಾವ ಪದವೂ ಇಲ್ಲ, ಒಬ್ಬ ಮನುಷ್ಯನ ಹೆಸರಿದೆ. ಹಾಗೆ ಇಡುವ ಅನುಕೂಲ ಕಥೆಗಾರರಿಗೆ ಉಂಟು. ನಲವತ್ತೆಂಟು ಪುಟದಲ್ಲಿ ಬಹುವಚನ ತಿದ್ದಬೇಕಾದ ನನಗಿಲ್ಲ.

ಮೆರವಣಿಗೆಯ ಹೆಸರು ಮಾತ್ರ ನನಗೆ ಇಷ್ಟ. ಬೆಂಗಳೂರಿನಲ್ಲಿ ಮೊದಲ ಪ್ರೈಡ್ ನಡೆದದ್ದು 2008ರಲ್ಲಿ. ಆಮೇಲಿನ ವರ್ಷಗಳಲ್ಲಿ ಮೆಜೆಸ್ಟಿಕ್ ಹತ್ತಿರದ ತುಳಸಿ ತೋಟದಿಂದ ಟೌನ್ ಹಾಲ್‌ವರೆಗೆ ತಮಟೆ ಬಡಿದುಕೊಂಡು ಹೋಗಿದ್ದೇವೆ. ಜನ ಅದನ್ನು ‘ನಮ್ಮ ಪ್ರೈಡ್’ ಎಂದು ಕರೆದರು, ಸುತ್ತಲಿನ ಕಾರ್ಯಕ್ರಮಗಳಿಗೆ ‘ಕ್ವಿಯರ್ ಹಬ್ಬ’. ಪ್ರೈಡ್ ಎಂಬುದಕ್ಕೆ ಹೆಮ್ಮೆ, ಸ್ವಾಭಿಮಾನ ಎಂದು ಒದ್ದಾಡುವ ಬದಲು ಹಿಂದೆ ಒಂದು ‘ನಮ್ಮ’ ಹಾಕಿದರು, ಮುಗೀತು. ದೊಡ್ಡಣ್ಣ ಪಾರ್ಕಿನ ಬೆಂಚಿನ ಮೇಲೆ ಮಾಡಿಕೊಂಡದ್ದೂ ಅದೇ.

ಇನ್ನೊಂದು ಪದ ಉಳಿದಿದೆ. ಇದು ನನ್ನ ಎರಡನೇ ಪ್ರಶ್ನೆ.

ಕನ್ನಡದಲ್ಲಿ ‘ಅವರು’ ಎಂದರೆ ಹೆಣ್ಣೋ ಗಂಡೋ ತಿಳಿಯುವುದಿಲ್ಲ. ನಾವೆಲ್ಲ ಈ ಬಹುವಚನದ ನೆರಳಿನಲ್ಲಿ ಬದುಕಿದವರು. ‘ಫ್ರೆಂಡ್ ಒಬ್ರ ಜೊತೆ ನಂದಿಬೆಟ್ಟಕ್ಕೆ ಹೋಗಿದ್ದೆ, ಅವರಿಗೆ ಮಂಜು ನೋಡ್ಬೇಕಿತ್ತಂತೆ’ ಎಂದು ಆಫೀಸಿನಲ್ಲಿ ಎಷ್ಟು ವರ್ಷ ಬೇಕಾದರೂ ಹೇಳಬಹುದು. ಸುಳ್ಳೂ ಅಲ್ಲ, ಮನೇಲಿ ಹೇಳಿದಂತೆಯೂ ಅಲ್ಲ. ಕೇಳಿದವರು ‘ಓಹೋ’ ಎಂದು ತಮಗೆ ಬೇಕಾದ್ದನ್ನು ಊಹಿಸಿಕೊಳ್ಳುತ್ತಾರೆ.

ದೊಡ್ಡಣ್ಣ ಬಳಸುವುದು ‘ಇವರು’. ಇಪ್ಪತ್ತೆರಡು ವರ್ಷ ಜೊತೆಗಿದ್ದು, ತೀರಿಕೊಂಡವರ ಬಗ್ಗೆ. ನೆರೆಹೊರೆಗೆ ಅವರು ಅತ್ತೆಯ ಮಗ, ರೂಮ್‌ಮೇಟ್, ಬಾಡಿಗೆಯವರು, ವರ್ಷಕ್ಕೊಂದು. ರೆಕಾರ್ಡಿಂಗ್‌ನಲ್ಲಿ ಒಂದು ಕಡೆ ಲೋಟ ಇಟ್ಟ ಸದ್ದು, ಆಮೇಲೆ “ಇವ್ರು ಕಾಫಿಗೆ ಸಕ್ಕರೆ ಜಾಸ್ತಿ ಹಾಕೋರು, ಬೈದ್ರೂ ಕೇಳ್ತಿರ್ಲಿಲ್ಲ” ಎಂದಿದೆ. ಬರಹಕ್ಕೆ ಇಳಿಸಿದ ಹುಡುಗ ಮಗ್ಗುಲಲ್ಲಿ ‘ಇವರು ಯಾರು? ಕೋಣೆಯಲ್ಲಿ ಬೇರೆ ಯಾರೋ ಇದ್ದರೇ?’ ಎಂದು ಗುರುತು ಮಾಡಿದ್ದಾನೆ. ಯಾರೂ ಇರಲಿಲ್ಲ. ನಾನೇ ಎದುರಿಗೆ ಕೂತಿದ್ದೆ. ಗೋಡೆಯ ಮೇಲೆ ಫೋಟೋ ಇತ್ತು, ಫೋಟೋಕ್ಕೆ ಹಾರ ಇರಲಿಲ್ಲ. ಹಾರ ಹಾಕಿದರೆ ಬಂದವರೆಲ್ಲ ಯಾರು ಏನಾಗಬೇಕು ಎಂದು ಕೇಳುತ್ತಾರಂತೆ.

ನಮ್ಮ ಅಜ್ಜಿಯಂದಿರು ಗಂಡನ ಹೆಸರು ಹೇಳದೆ ‘ಇವರು’ ಎನ್ನುತ್ತಿದ್ದರಲ್ಲ, ದೊಡ್ಡಣ್ಣನದು ಆ ‘ಇವರು’. ಅದನ್ನು ಹಾಗೇ ಬಿಟ್ಟರೆ ಓದುಗರು ಈ ಹುಡುಗನಂತೆಯೇ ತಡವರಿಸುತ್ತಾರೆ. ‘ನನ್ನ ಸಂಗಾತಿ’ ಎಂದು ಹಾಕಿದರೆ ಸ್ಪಷ್ಟ, ಆದರೆ ದೊಡ್ಡಣ್ಣ ಬಾಯಿಬಿಟ್ಟು ಸಂಗಾತಿ ಎಂದವರಲ್ಲ. ಅಡಿಟಿಪ್ಪಣಿ ಕೊಡೋಣ ಎಂದರೆ, ಇಪ್ಪತ್ತೆರಡು ವರ್ಷಕ್ಕೆ ಅಡಿಟಿಪ್ಪಣಿಯೇ ಎಂದು ನನ್ನ ಮನಸ್ಸೇ ಒಪ್ಪುತ್ತಿಲ್ಲ.

ನಿಮ್ಮಿಂದ ಬೇಕಾಗಿರುವುದು ಇಷ್ಟು. ಧಾರವಾಡ, ಕಲಬುರಗಿ, ಮಂಗಳೂರು ಕಡೆ ನಿಮ್ಮ ಕಿವಿಗೆ ಬಿದ್ದ ಮಾತುಗಳಿದ್ದರೆ ಬರೆಯಿರಿ. ಬೈಗುಳ ಬೇಡ, ಅವು ನನ್ನ ಹತ್ತಿರ ಸಾಕಷ್ಟಿವೆ. ತಾವೇ ತಮ್ಮನ್ನು ಕರೆದುಕೊಂಡ ಪದಗಳು ಬೇಕು. 1970ಕ್ಕಿಂತ ಹಿಂದಿನ ಕಾಗದ, ಡೈರಿಗಳಲ್ಲಿ ‘ನಮ್ಮಂಥವರು’ ಈ ಅರ್ಥದಲ್ಲಿ ಕಂಡಿದ್ದರೆ ಇನ್ನೂ ಒಳ್ಳೆಯದು. ಹಾಗೇ ಕಾಗುಣಿತ. ಅಚ್ಚಿನ ಕನ್ನಡಕ್ಕೆ ‘ನಮ್ಮಂಥವರು’ ಸರಿ. ದೊಡ್ಡಣ್ಣನ ಬಾಯಲ್ಲಿ ಮಹಾಪ್ರಾಣ ಇಲ್ಲ, ‘ವ’ವೂ ಇಲ್ಲ. ನಾನು ಸದ್ಯಕ್ಕೆ ‘ನಮ್ಮಂತೋರು’ ಎಂದೇ ಇಟ್ಟು, ಮೊದಲ ಸಲ ಬಂದ ಕಡೆ ಮಾತ್ರ ದಪ್ಪಕ್ಷರ ಮಾಡಿದ್ದೇನೆ. ಅಚ್ಚಿನವರು ಅದನ್ನೂ ಅಕ್ಷರತಪ್ಪು ಎಂದು ಫೋನ್ ಮಾಡುತ್ತಾರೆ. ಕರಡು ಬರುವ ಸೋಮವಾರ ಪ್ರೆಸ್ಸಿಗೆ ಹೋಗಬೇಕು, ಭಾನುವಾರ ರಾತ್ರಿಯೊಳಗೆ ತಿಳಿಸಿದರೆ ಉಪಕಾರ.